ಕಣಗಿನಹಾಳದ ಪಾಠ, ದಬ್ಬೇಘಟ್ಟದ ವಿದ್ಯಾರ್ಥಿಗೆ

ತುರುವೇಕೆರೆ ತಾಲೂಕಿನ ದಬ್ಬೇಘಟ್ಟದಂತಹ ತೆಂಗಿನ ಸೀಮೆಯ ಊರುಗಳ ಮಕ್ಕಳೂ ಇಂದು ಬಿ.ಬಿ.ಎ., ಎಂ.ಬಿ.ಎ. ಓದುತ್ತಿದ್ದಾರೆ. ಆ ಓದಿನಲ್ಲಿ ಈಗ 'ಸಾಮಾಜಿಕ ಉದ್ಯಮಶೀಲತೆ' ಎಂಬ ವಿಷಯವೂ ಸೇರಿದೆ. ಸಮಾಜದ ಒಂದು ಕೊರತೆಯನ್ನು ನೀಗಲೆಂದೇ ಉದ್ಯಮ ಕಟ್ಟುವುದು, ದಾನವನ್ನಷ್ಟೇ ನೆಚ್ಚದೆ ಗಳಿಕೆಯಿಂದ ಅದನ್ನು ನಡೆಸುವುದು ಇದರ ಸಾರ. ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಇದಕ್ಕಾಗಿ ವಿಶೇಷ ಕಾರ್ಯಕ್ರಮ ಆರಂಭಿಸಿದ್ದು 1993ರಲ್ಲಿ. ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆ 2007ರಲ್ಲಿ ಸ್ನಾತಕೋತ್ತರ ಪದವಿಯನ್ನೇ ತೆರೆಯಿತು. ಹಾಗಾದರೆ ಇದು ನಮಗೆ ಹೊರಗಿನಿಂದ ಬಂದ ಹೊಸ ವಿದ್ಯೆಯೇ?

ಗದಗದ ಬಳಿಯ ಕಣಗಿನಹಾಳ ಬೇರೆಯೇ ಉತ್ತರ ಕೊಡುತ್ತದೆ. 1904ರಲ್ಲಿ ಬ್ರಿಟಿಷ್ ಸರಕಾರ ಸಹಕಾರಿ ಪತ್ತಿನ ಸಂಘಗಳ ಕಾನೂನು ತಂದಿತು. ಮರುವರ್ಷವೇ, 1905ರಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಆ ಹಳ್ಳಿಯಲ್ಲಿ ರೈತರ ಪತ್ತಿನ ಸಂಘ ಕಟ್ಟಿದರು. ಜರ್ಮನಿಯ ರೈಫೈಸನ್ ತೋರಿದ ದಾರಿಯನ್ನು ಆ ಕಾನೂನು ಅನುಸರಿಸಿತ್ತು. ಗ್ರಾಮೀಣ ಸಂಘದ ಸದಸ್ಯರ ಹೊಣೆಗೆ ಸಾಮಾನ್ಯವಾಗಿ ಮಿತಿಯಿರಲಿಲ್ಲ. ಸಂಘದ ಸಾಲಕ್ಕೆ ಎಲ್ಲರೂ ಬಾಧ್ಯರು. ಲಾಭವನ್ನು ಹಂಚಿಕೊಳ್ಳದೆ ಮೀಸಲು ನಿಧಿಗೆ ಸೇರಿಸಬೇಕಿತ್ತು. ನೆರೆಯವನ ನಡತೆಯೇ ಅಲ್ಲಿ ಅಡಮಾನ.

ಎಪ್ಪತ್ತೊಂದು ವರ್ಷಗಳ ಬಳಿಕ, 1976ರಲ್ಲಿ, ಅರ್ಥಶಾಸ್ತ್ರದ ಪ್ರಾಧ್ಯಾಪಕ ಮುಹಮ್ಮದ್ ಯೂನುಸ್ ಬಾಂಗ್ಲಾದೇಶದ ಜೋಬ್ರಾ ಹಳ್ಳಿಗೆ ಹೋದರು. ಅಲ್ಲಿ 42 ಮಂದಿ ಬಡವರನ್ನು ಸಾಲದಿಂದ ಬಿಡಿಸಲು ಬೇಕಾದದ್ದು ಒಟ್ಟು 27 ಡಾಲರ್. ಆ ಪ್ರಯೋಗವೇ 1983ರಲ್ಲಿ ಗ್ರಾಮೀಣ ಬ್ಯಾಂಕ್ ಆಯಿತು. 2006ರಲ್ಲಿ ಯೂನುಸ್ ಮತ್ತು ಬ್ಯಾಂಕಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಯೂನುಸರ ಕಥೆ ಇಂದು ಪಠ್ಯದಲ್ಲಿದೆ. ಕಣಗಿನಹಾಳವೂ ಅದರ ಪಕ್ಕದಲ್ಲಿರಬೇಕೆಂದು ನಾವು ಬಯಸುತ್ತೇವೆ.

ಸಹಕಾರ ಸಂಘಗಳೆಲ್ಲ ಗೆದ್ದವೆಂದು ನಾವು ಹೇಳುತ್ತಿಲ್ಲ. ರಾಜಕೀಯ ಹೊಕ್ಕಲ್ಲಿ, ಬಲಾಢ್ಯರು ಸಾಲ ತೀರಿಸದೆ ಉಳಿದಲ್ಲಿ ಸಂಘಗಳು ಸೊರಗಿವೆ. ಕಿರುಸಾಲವೂ ಕೆಲವೆಡೆ ಬಡವರ ಕೊರಳಿಗೆ ಉರುಳಾಗಿದೆ. ಆದ್ದರಿಂದ ವಿದ್ಯಾರ್ಥಿಗಳು ಗೆಲುವಿನ ಜೊತೆಗೆ ಸೋಲಿನ ಲೆಕ್ಕವನ್ನೂ ಓದಬೇಕು.

ಇನ್ನು ದಬ್ಬೇಘಟ್ಟದ ವಿದ್ಯಾರ್ಥಿ ತನ್ನ ಮನೆಯ ಅಟ್ಟವನ್ನೇ ನೋಡಲಿ. ಉಂಡೆ ಕೊಬ್ಬರಿ ಆಗಬೇಕಾದರೆ ಬಲಿತ ಕಾಯಿ ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಕೂರಬೇಕು. ಅಷ್ಟು ದಿನ ಮನೆ ನಡೆಯುವುದು ಹೇಗೆ? ಮಗಳ ಮದುವೆ, ಮಗನ ಶುಲ್ಕ, ಆಸ್ಪತ್ರೆಯ ಖರ್ಚು ಕೊಬ್ಬರಿಗಾಗಿ ಕಾಯುವುದಿಲ್ಲ. ಕೈಯಲ್ಲಿ ಹಣವಿದ್ದವನು ಕಾದು ತಿಪಟೂರಿನ ಮಾರುಕಟ್ಟೆಗೆ ಕೊಬ್ಬರಿ ಒಯ್ಯುತ್ತಾನೆ. ತುರ್ತು ಇದ್ದವನು ಹಸಿ ಕಾಯಿಯನ್ನೇ ಮಾರಿಬಿಡುತ್ತಾನೆ. 2025ರ ಹಂಗಾಮಿಗೆ ಕೇಂದ್ರ ಸರಕಾರ ಕ್ವಿಂಟಾಲ್ ಉಂಡೆ ಕೊಬ್ಬರಿಗೆ 12,100 ರೂಪಾಯಿ ಬೆಂಬಲ ಬೆಲೆ ಸಾರಿತು. ಕಾಯಿ ಮಾರಿ ಮುಗಿಸಿದವನಿಗೆ ಅದರಿಂದ ಬಂದದ್ದೇನು?

ಕಾಯುವ ಶಕ್ತಿಯನ್ನು ಬಡ ಬೆಳೆಗಾರನಿಗೂ ಒದಗಿಸುವ ಸಂಸ್ಥೆ ಹೇಗಿರಬೇಕು, ಅದರ ಬಂಡವಾಳ ಯಾರದು, ಲಾಭ ಯಾರಿಗೆ? ಪದವಿಗಾಗಿ ಬರೆಯುವ ಯೋಜನಾ ವರದಿ ಈ ಪ್ರಶ್ನೆಗಳಿಂದ ಆರಂಭವಾದರೆ, ಕಣಗಿನಹಾಳದ ಗೌಡರ ಕೆಲಸ ಮುಂದುವರಿದಂತೆಯೇ ಸರಿ.