ದೊಡ್ಡ ಸಂಪಿಗೆ

ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದ ಕಾಡಿನೊಳಗೆ, ಭಾರ್ಗವಿ ಹೊಳೆಯ ದಡದಲ್ಲಿರುವ ಈ ಸಂಪಿಗೆ ಮರ ಇಲ್ಲಿನ ಆದಿವಾಸಿಗಳಾದ ಸೋಲಿಗರಿಗೆ ದೇವರು. ಇದರ ಎತ್ತರ ಸುಮಾರು 34 ಮೀಟರ್, ಬುಡದ ಸುತ್ತಳತೆ ಸುಮಾರು 20 ಮೀಟರ್. ವಯಸ್ಸು 600 ವರ್ಷ ಇದ್ದೀತೆಂಬ ಅಂದಾಜಿದೆ. ಜನರ ನಂಬಿಕೆಯಲ್ಲಿ ಅದು 2000 ವರ್ಷ. ಬೇರುಗಳ ನಡುವೆ ಶಿವಲಿಂಗಗಳೂ ತ್ರಿಶೂಲಗಳೂ ಇವೆ. ಇಲ್ಲಿ ಗುಡಿಯಿಲ್ಲ, ಮರವೇ ಗುಡಿ.

ಸಂಪಿಗೆಯ ಶಾಸ್ತ್ರೀಯ ಹೆಸರು ಮ್ಯಾಗ್ನೋಲಿಯಾ ಚಂಪಕ. ಹೂಬಿಡುವ ಸಸ್ಯಗಳಲ್ಲಿ ಅತಿ ಪ್ರಾಚೀನವಾದ ಬಳಗಗಳಲ್ಲಿ ಇದರದೂ ಒಂದು. ಆ ಹಳಮೆ ಹೂವಿನಲ್ಲೇ ಕಾಣುತ್ತದೆ: ಪುಷ್ಪಪತ್ರ, ದಳ ಎಂಬ ಭೇದವಿಲ್ಲದೆ ಎಸಳುಗಳೆಲ್ಲ ಒಂದೇ ತೆರನಾಗಿವೆ. ಪರಾಗಸ್ಪರ್ಶದ ಕೆಲಸ ಹೆಚ್ಚಾಗಿ ಜೀರುಂಡೆಗಳದು. ಮುಡಿಗೇರುವ ಹೂವಿನ ಘಮ ಮೂಲತಃ ಕೀಟಗಳಿಗೆ ಕೊಟ್ಟ ಕರೆ. ಕಾಯಿ ಬಿರಿದಾಗ ಕೆಂಪು ಹೊದಿಕೆಯ ಬೀಜಗಳು ಹೊರಗಿಣುಕುತ್ತವೆ. ಅವನ್ನು ತಿನ್ನುವ ಹಕ್ಕಿಗಳು ಬೀಜವನ್ನು ದೂರಕ್ಕೆ ಒಯ್ಯುತ್ತವೆ.

ಬೆಟ್ಟದ ಮೇಲಿನ ರಂಗನಾಥನನ್ನು ಸೋಲಿಗರು ಭಾವನೆಂದು ಕರೆಯುತ್ತಾರೆ. ಅವರ ಕುಲದ ಕುಸುಮಾಲೆಯನ್ನು ಅವನು ಮದುವೆಯಾದನೆಂಬುದು ಕಥೆ. ದೇವರೂ ಮರವೂ ಅವರಿಗೆ ನೆಂಟರ ಸಾಲಿನವೇ. ಈ ಕಾಡು 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅರಣ್ಯ ಹಕ್ಕು ಕಾಯ್ದೆಯಡಿ ಇಲ್ಲಿನ ಸೋಲಿಗರಿಗೆ ಸಮುದಾಯ ಹಕ್ಕುಗಳು ದೊರೆತವು. ಅದು ತಡವಾಗಿ ಸಿಕ್ಕ ನ್ಯಾಯ.

ದಯವಿಟ್ಟು ತೊಗಟೆ ಕೆತ್ತಬೇಡಿ, ಬೇರುಗಳ ಮೇಲೆ ಹತ್ತಬೇಡಿ.