ಸ್ಲೋ ಕುಕರ್ ಸ್ಯಾಂಡ್‌ವಿಚ್

ವಿದ್ಯುತ್ ಕಾವಿನ ಮುಚ್ಚಿದ ಪಾತ್ರೆಯಲ್ಲಿ ಆರೆಂಟು ಗಂಟೆ ಮೆಲ್ಲಗೆ ಬೆಂದ ಮಾಂಸವನ್ನು ಎಳೆ ಎಳೆಯಾಗಿ ಬಿಡಿಸಿ, ಅದರದೇ ರಸದೊಂದಿಗೆ ಬನ್ನಿನಲ್ಲಿ ತುಂಬಿ ತಿನ್ನುವ ಅಮೆರಿಕದ ಮನೆಯೂಟ. ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಪಾತ್ರೆಗೆ ಹಾಕಿದರೆ ಸಂಜೆ ಬರುವ ಹೊತ್ತಿಗೆ ಸಿದ್ಧವಿರುವುದರಿಂದ ಸೋಮವಾರದಿಂದ ಶುಕ್ರವಾರದವರೆಗಿನ ರಾತ್ರಿಯೂಟವಾಗಿ ನೆಲೆಗೊಂಡಿದೆ. ಇದಕ್ಕೆ ಗೊತ್ತಾದ ಒಂದೇ ಪಾಕವಿಲ್ಲ. ಹೋಟೆಲುಗಳಲ್ಲಿ ಬೇರೆ ಬೇರೆ ರೀತಿಯಲ್ಲಿ ತಯಾರಾಗುತ್ತಿದ್ದ ಹಲವು ಪ್ರಾದೇಶಿಕ ಸ್ಯಾಂಡ್‌ವಿಚ್‌ಗಳು ಒಂದೇ ಪಾತ್ರೆಯೊಳಗೆ ಬಂದು ಒಂದೇ ಹದಕ್ಕೆ ಇಳಿದದ್ದರ ಫಲ ಇದು. ಆದ್ದರಿಂದ ಇದರ ಚರಿತ್ರೆಯೆಂದರೆ ಬಹುಮಟ್ಟಿಗೆ ಆ ಪಾತ್ರೆಯ ಚರಿತ್ರೆಯೇ.

ಪಾತ್ರೆಯ ಚರಿತ್ರೆ

ಸ್ಲೋ ಕುಕರ್‌ನ ಮೂಲ ಯಹೂದಿಗಳ ಸಬ್ಬತ್ ಊಟದಲ್ಲಿದೆ. ಶುಕ್ರವಾರ ಸೂರ್ಯ ಮುಳುಗಿದ ಮೇಲೆ ಶನಿವಾರ ರಾತ್ರಿಯವರೆಗೆ ಬೆಂಕಿ ಹೊತ್ತಿಸುವುದು, ಅಡುಗೆ ಮಾಡುವುದು ನಿಷಿದ್ಧ. ಆದರೆ ಸಬ್ಬತ್ ದಿನ ಬಿಸಿಯೂಟ ಮಾಡಬೇಕೆಂಬುದೂ ಸಂಪ್ರದಾಯವೇ. ಎರಡನ್ನೂ ಉಳಿಸಿಕೊಳ್ಳಲು ಪೂರ್ವ ಯೂರೋಪಿನ ಯಹೂದಿಗಳು ಮಾಂಸ, ಅವರೆ ಜಾತಿಯ ಕಾಳು, ಬಾರ್ಲಿ, ಆಲೂಗಡ್ಡೆಗಳನ್ನು ಮಡಕೆಗೆ ತುಂಬಿ ಶುಕ್ರವಾರ ಹೊತ್ತು ಮುಳುಗುವ ಮುನ್ನ ಊರಿನ ಬೇಕರಿಗೆ ಒಯ್ಯುತ್ತಿದ್ದರು. ಬೆಂಕಿ ಆರಿದ ಒಲೆಯೊಳಗೆ ಉಳಿದ ಕಾವಿನಲ್ಲೇ ಅದು ರಾತ್ರಿಯಿಡೀ ಬೇಯುತ್ತಿತ್ತು. ಈ ಅಡುಗೆಯ ಹೆಸರು ಚೋಲೆಂಟ್. ಬಿಸಿ ಮತ್ತು ನಿಧಾನ ಎಂಬರ್ಥದ ಎರಡು ಫ್ರೆಂಚ್ ಪದಗಳಿಂದ ಈ ಹೆಸರು ಬಂದಿತೆಂದು ಹೇಳುವುದುಂಟು. ಇದು ಸೊಗಸಾದ ವಿವರಣೆ, ಆದರೆ ಎಲ್ಲ ವಿದ್ವಾಂಸರೂ ಒಪ್ಪಿದ್ದಲ್ಲ.

1902ರಲ್ಲಿ ನ್ಯೂಜೆರ್ಸಿಯಲ್ಲಿ ಹುಟ್ಟಿ ಷಿಕಾಗೋದಲ್ಲಿ ಎಂಜಿನಿಯರ್ ಆಗಿದ್ದ ಅರ್ವಿಂಗ್ ನಾಹುಮ್‌ಸೋನ್ ಈ ಸಂಗತಿಯನ್ನು ಕೇಳಿದ್ದು ತಾಯಿಯ ಬಾಯಿಂದ. ಲಿಥುವೇನಿಯದ ವಿಲ್ನಾ ಕಡೆಯ ಆಕೆ ಹುಡುಗಿಯಾಗಿದ್ದಾಗ ಮನೆಯ ಚೋಲೆಂಟ್ ಮಡಕೆಯನ್ನು ಬೇಕರಿಗೆ ಹೊತ್ತೊಯ್ದವರು. ಮಡಕೆಯ ಸುತ್ತಲೇ ಬೇಕರಿಯ ಒಲೆಯನ್ನು ಸುತ್ತಿಬಿಟ್ಟರೆ ಹೇಗೆ ಎಂಬುದು ಮಗನ ಯೋಚನೆ. ಒಳಗೊಂದು ಪಾತ್ರೆ, ಅದನ್ನು ಹೊದ್ದುಕೊಂಡಂತೆ ಕಾವಿನ ತಂತಿ, ಹೊರಗೊಂದು ಕವಚ, ಮೇಲೊಂದು ಮುಚ್ಚಳ: ಈ ರಚನೆಗೆ 1936ರ ಮೇ ತಿಂಗಳಲ್ಲಿ ಪೇಟೆಂಟ್ ಅರ್ಜಿ ಸಲ್ಲಿಸಿದರು, 1940ರ ಜನವರಿ 23ರಂದು ಪೇಟೆಂಟ್ ದೊರೆಯಿತು. ಜರ್ಮನ್ ಛಾಯೆಯ ತಮ್ಮ ಹೆಸರನ್ನು ಎರಡನೆಯ ಮಹಾಯುದ್ಧದ ಕಾಲದಲ್ಲಿ ನ್ಯಾಕ್ಸನ್ ಎಂದು ಬದಲಾಯಿಸಿಕೊಂಡರು. ದೀಪಗಳಿಂದ ಅಕ್ಷರ ಮೂಡಿಸಿ ಸುದ್ದಿ ಓಡಿಸುವ ಫಲಕವೂ ಅವರ ರಚನೆಗಳಲ್ಲಿ ಒಂದು.

1950ರ ದಶಕದಲ್ಲಿ ನ್ಯಾಕ್ಸನ್ ಬೀನರಿ ಎಂಬ ಹೆಸರಿನಲ್ಲಿ ಇದು ಮಾರಾಟಕ್ಕೆ ಬಂತು. ಹೆಸರೇ ಹೇಳುವಂತೆ ಅದು ಕಾಳು ಬೇಯಿಸುವ ಪಾತ್ರೆ, ಅಷ್ಟೇ. ದೊಡ್ಡ ಮಾರುಕಟ್ಟೆ ಸಿಗಲಿಲ್ಲ. 1970ರಲ್ಲಿ ಮಿಸೌರಿಯ ಕ್ಯಾನ್ಸಸ್ ಸಿಟಿಯ ರೈವಲ್ ಕಂಪನಿ ನ್ಯಾಕ್ಸನ್ ಅವರ ಸಂಸ್ಥೆಯನ್ನು ಕೊಂಡಾಗ ಬೀನರಿ ಆ ವ್ಯವಹಾರದಲ್ಲಿ ಒಂದು ಅಡಕ ಮಾತ್ರ. ಆದರೆ ಕಂಪನಿಯ ಪ್ರಯೋಗ ಅಡುಗೆಮನೆಯಲ್ಲಿದ್ದ ಗೃಹವಿಜ್ಞಾನ ತಜ್ಞೆಯರು ಕಾಳಿನ ಜಾಗದಲ್ಲಿ ಗಟ್ಟಿ ಮಾಂಸದ ತುಂಡುಗಳನ್ನು ಹಾಕಿ ನೋಡಿದರು. ಸ್ಯಾಂಡ್‌ವಿಚ್‌ನ ದೃಷ್ಟಿಯಿಂದ ಪೇಟೆಂಟಿಗಿಂತಲೂ ಇದು ಮುಖ್ಯವಾದ ತಿರುವು. 1971ರಲ್ಲಿ ಕ್ರಾಕ್-ಪಾಟ್ ಎಂಬ ಹೊಸ ಹೆಸರು, ಪಾಕಪುಸ್ತಕ, ಆ ಕಾಲಕ್ಕೆ ಮೆಚ್ಚಾಗಿದ್ದ ಆವಕಾಡೊ ಹಸಿರು ಮತ್ತು ಕೊಯ್ಲಿನ ಹೊನ್ನ ಬಣ್ಣಗಳೊಡನೆ ಪಾತ್ರೆ ಮತ್ತೆ ಅಂಗಡಿಗೆ ಬಂತು. ಆ ವರ್ಷ 20 ಲಕ್ಷ ಡಾಲರ್ ಇದ್ದ ಮಾರಾಟ 1975ಕ್ಕೆ 9 ಕೋಟಿ 30 ಲಕ್ಷ ಡಾಲರಿಗೆ ಏರಿತು. ಹೊರಗೆ ದುಡಿಯುವ ಹೆಂಗಸರ ಸಂಖ್ಯೆ ಏರುತ್ತಿದ್ದದ್ದು, 1973ರ ತೈಲ ಬಿಕ್ಕಟ್ಟಿನ ನಂತರ ಇಂಧನದ ಮಿತವ್ಯಯ ಎಲ್ಲರ ಮಾತಾದದ್ದು ಎರಡೂ ಕಾರಣಗಳಿರಬೇಕು. ಹಳೆಯ ಮೂರೂವರೆ ಕ್ವಾರ್ಟಿನ, ಅಂದರೆ ಮೂರು ಲೀಟರಿಗಿಂತ ತುಸು ದೊಡ್ಡದಾದ ಪಾತ್ರೆ ಮಂದ ಕಾವಿನಲ್ಲಿ ಎಳೆಯುತ್ತಿದ್ದದ್ದು ಸುಮಾರು 75 ವಾಟ್; ಎಂಟು ಗಂಟೆಗೆ ಅರ್ಧ ಯೂನಿಟ್ಟಿಗಿಂತ ಸ್ವಲ್ಪ ಹೆಚ್ಚು. 1974ರಲ್ಲಿ ಒಳಪಾತ್ರೆಯನ್ನು ಬಿಡಿಯಾಗಿ ಎತ್ತಿ ತೊಳೆಯುವಂತೆ ಮಾಡಲಾಯಿತು. 1975ರಲ್ಲಿ ಬಂದ ಮೇಬಲ್ ಹಾಫ್‌ಮನ್ ಅವರ 'ಕ್ರಾಕರಿ ಕುಕರಿ' ಲಕ್ಷಗಟ್ಟಲೆ ಪ್ರತಿಗಳು ಖರ್ಚಾದ ಪುಸ್ತಕ.

ಪಾತ್ರೆ ತಾನು ಹುಟ್ಟಿದ ಮನೆಗೆ ಮರಳಿದಾಗ ಶಾಸ್ತ್ರದ ತೊಡಕು ಎದುರಾಯಿತೆಂಬುದು ಕುತೂಹಲದ ಸಂಗತಿ. ಸಬ್ಬತ್‌ಗಾಗಿ ಪಾತ್ರೆಯನ್ನು ಕಾವುಳ್ಳ ವಸ್ತುವಿನಲ್ಲಿ ಪೂರ್ತಿ ಹೊದಿಸಬಾರದೆಂದು ಯಹೂದಿ ಧರ್ಮಶಾಸ್ತ್ರದ ವಿಧಿ. ಒಳಪಾತ್ರೆಯನ್ನು ಕವಚ ಸುತ್ತಲೂ ಅಪ್ಪಿಕೊಂಡಿರುವುದು ಇಂಥ ಹೊದಿಕೆಯಾಗುತ್ತದೆಯೇ ಎಂಬುದರಲ್ಲಿ ರಬ್ಬಿಗಳಿಗೆ ಭಿನ್ನಾಭಿಪ್ರಾಯವಿದೆ. ಕಟ್ಟುನಿಟ್ಟಿನ ಮನೆಗಳಲ್ಲಿ ಒಳಪಾತ್ರೆಯ ಕೆಳಗೆ ಅಲ್ಯೂಮಿನಿಯಂ ಹಾಳೆಯ ಉಂಡೆಗಳನ್ನಿಟ್ಟು ಅದರ ಕಂಠ ಕವಚಕ್ಕಿಂತ ಮೇಲೇಳುವಂತೆ ಮಾಡುತ್ತಾರೆ.

ಬೇಯುವ ಬಗೆ

ಒಳಪಾತ್ರೆ ನಮ್ಮ ಉಪ್ಪಿನಕಾಯಿ ಭರಣಿಯ ಜಾತಿಯದು: ದಪ್ಪ ಮೈಯ, ಮೆರುಗು ಕೊಟ್ಟ ಸುಟ್ಟ ಮಣ್ಣು. ಬೇಗ ಕಾಯುವುದಿಲ್ಲ, ಕಾದರೆ ಬೇಗ ಆರುವುದೂ ಇಲ್ಲ. ಹೆಚ್ಚಿನ ಮಾದರಿಗಳಲ್ಲಿ ತಂತಿ ಇರುವುದು ಪಕ್ಕದ ಗೋಡೆಯಲ್ಲಿ. ಹಾಗಾಗಿ ತಳ ಹಿಡಿಯುವ ಭಯ ಕಡಿಮೆ. ಮಂದ ಮತ್ತು ಹೆಚ್ಚು ಎಂಬ ಎರಡು ಗುಂಡಿಗಳು ಎರಡು ಉಷ್ಣತೆಗಳೆಂದು ತಿಳಿಯುವುದು ಸಾಮಾನ್ಯ ತಪ್ಪು. ಸಾಧಾರಣವಾಗಿ ಎರಡೂ ತಲಪುವುದು ಕುದಿಬಿಂದುವಿಗೆ ತುಸು ಕೆಳಗಿನ ಒಂದೇ ಮಟ್ಟವನ್ನು. ತಲಪಲು ಹಿಡಿಯುವ ಹೊತ್ತು ಬೇರೆ.

ಮುಚ್ಚಳಕ್ಕೆ ಏರಿದ ಆವಿ ಹನಿಯಾಗಿ ಅಂಚಿಗೆ ಜಾರಿ ಅಲ್ಲೊಂದು ನೀರಿನ ಬಂಧ ಕಟ್ಟುತ್ತದೆ. ಮುಚ್ಚಳ ತೆಗೆದು ಇಣುಕಿದರೆ ಕಳೆದ ಕಾವು ಮರಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ನೀರು ಹೊರಹೋಗದಿರುವುದೇ ಈ ಅಡುಗೆಯ ಗುಣವೂ ಹೌದು, ದೋಷವೂ ಹೌದು. ಹಾಕಿದ ಅರ್ಧ ಬಟ್ಟಲು ದ್ರವ ಸಂಜೆಗೆ ಮಾಂಸದ ರಸವೂ ಸೇರಿ ಎರಡು ಬಟ್ಟಲಾಗಿರುತ್ತದೆ.

ದನ ಅಥವಾ ಹಂದಿಯ ಭುಜದ ಮಾಂಸ ಸದಾ ದುಡಿದ ಸ್ನಾಯು. ಅದರ ತುಂಬ ಕೊಲಾಜನ್ ಎಂಬ ಬಂಧಕ ನಾರು. ಮಾಂಸದೊಳಗಿನ ಉಷ್ಣತೆ 70 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಗಂಟೆಗಟ್ಟಲೆ ನಿಂತರೆ ಈ ನಾರು ಕರಗಿ ಜೆಲಟಿನ್ ಆಗುತ್ತದೆ, 93-95 ಡಿಗ್ರಿಯ ಹೊತ್ತಿಗೆ ಮಾಂಸ ಫೋರ್ಕಿಗೆ ಸೋಲುತ್ತದೆ. ಎಂಟು ಗಂಟೆಗೂ ಬಿರುಸಾಗಿದ್ದರೆ ಅದು ಹೆಚ್ಚು ಬೆಂದದ್ದಲ್ಲ, ಇನ್ನೂ ಬೇಯಬೇಕಾದದ್ದು. ಕೋಳಿಯ ಎದೆಯ ಮಾಂಸದಲ್ಲಿ ಕೊಲಾಜನ್ ಅತ್ಯಲ್ಪವಾದ್ದರಿಂದ ಅದು ರಸದಲ್ಲಿ ಮುಳುಗಿದ್ದರೂ ಒಣಗುತ್ತದೆ. ತೊಡೆಯ ಮಾಂಸವೇ ಸರಿ.

ಮಾಂಸ ಕೆಂಪೇರಿ ಹುರಿದ ಪರಿಮಳ ಹುಟ್ಟಲು ಸುಮಾರು 140 ಡಿಗ್ರಿ ಬೇಕು. ಪಾತ್ರೆ 100 ದಾಟುವುದಿಲ್ಲ. ಬಾಣಲೆಯಲ್ಲಿ ಮೊದಲೇ ಹುರಿದುಕೊಳ್ಳದವರು ಒಣ ಈರುಳ್ಳಿ ಸೂಪಿನ ಪುಡಿ, ವುಸ್ಟರ್ ಸಾಸ್, ಗ್ರೇವಿ ಪೊಟ್ಟಣಗಳ ಮೊರೆಹೋಗುತ್ತಾರೆ. ಪೊಟ್ಟಣದ ಪುಡಿಯನ್ನು ಸೋಮಾರಿತನವೆಂದು ಅಡುಗೆ ಬರಹಗಾರರು ಹಳಿಯುವುದು ಪೂರ್ತಿ ನ್ಯಾಯವಲ್ಲ. ಆ ಪಾತ್ರೆ ಕೊಡಲಾರದ ರುಚಿಯನ್ನೇ ಅದು ಹೊರಗಿನಿಂದ ತರುತ್ತದೆ.

ಪ್ರಭೇದಗಳು

ಷಿಕಾಗೋದ ಇಟಾಲಿಯನ್ ಬೀಫ್, 1908ರಲ್ಲಿ ತೆರೆದ ಲಾಸ್ ಏಂಜಲೀಸ್‌ನ ಕೋಲ್ಸ್ ಮತ್ತು ಫಿಲಿಪ್ಸ್ ಹೋಟೆಲುಗಳೆರಡೂ ತಮ್ಮದೆನ್ನುವ ಫ್ರೆಂಚ್ ಡಿಪ್, ಉತ್ತರ ಕ್ಯಾರೊಲೈನದ ಪುಲ್ಡ್ ಪೋರ್ಕ್ ಇವು ಮನೆಯ ಪಾತ್ರೆಗಿಳಿದ ಮುಖ್ಯ ಮಾದರಿಗಳು. ಮೊದಲೆರಡರಲ್ಲಿ ಮಾಂಸವನ್ನು ತೆಳ್ಳಗೆ ಹೆಚ್ಚುತ್ತಾರೆ, ಬಿಡಿಸುವುದಿಲ್ಲ. ಮೂರನೆಯದಕ್ಕೆ ಸೌದೆಯ ಹೊಗೆಯೇ ಜೀವ. ಹೊಗೆಯಿಲ್ಲದ್ದನ್ನು ಬಾರ್ಬಿಕ್ಯೂ ಎಂದು ಕರೆಯಲು ಕ್ಯಾರೊಲೈನದವರು ಒಪ್ಪುವುದಿಲ್ಲ. ಪಾತ್ರೆಯಲ್ಲೇ ಹುಟ್ಟಿದ್ದೆನ್ನಬಹುದಾದದ್ದು ಮಿಸಿಸಿಪಿ ರೋಸ್ಟ್. ಆ ರಾಜ್ಯದ ರಿಪ್ಲಿ ಊರಿನ ಗೃಹಿಣಿಯೊಬ್ಬರು ರೂಪಿಸಿದ್ದು: ಬೀಫಿನ ಒಂದು ದೊಡ್ಡ ತುಂಡು, ರ‍್ಯಾಂಚ್ ಮಸಾಲೆ ಮತ್ತು ಗ್ರೇವಿಯ ತಲಾ ಒಂದು ಪೊಟ್ಟಣ, ಬೆಣ್ಣೆ, ಪೆಪರೊನ್ಚೀನಿ ಎಂಬ ಖಾರ ಕಡಿಮೆಯ ಉಪ್ಪಿನಕಾಯಿ ಮೆಣಸು. ಬಾಯಿಂದ ಬಾಯಿಗೆ, ಚರ್ಚಿನ ಪಾಕಪುಸ್ತಕದ ದಾರಿಯಲ್ಲಿ ಹಬ್ಬಿತು.

ಮಾಡುವ ಕ್ರಮ

ನಾಲ್ಕೈದು ಜನಕ್ಕೆ ಸುಮಾರು 1.4 ಕಿಲೋ ಭುಜದ ಮಾಂಸ ಸಾಕು. ತಳಕ್ಕೆ ಈರುಳ್ಳಿಯ ಬಿಲ್ಲೆಗಳು, ಅದರ ಮೇಲೆ ಉಪ್ಪು ಮೆಣಸು ತಿಕ್ಕಿದ ಮಾಂಸ, ಬೆಳ್ಳುಳ್ಳಿ, ಅರ್ಧ ಬಟ್ಟಲು ಸಾರು ಅಥವಾ ವಿನಿಗರ್ ಬೆರೆಸಿದ ನೀರು. ಪಾತ್ರೆ ಅರ್ಧಕ್ಕಿಂತ ಕಡಿಮೆ, ಮೂರರಲ್ಲೆರಡು ಪಾಲಿಗಿಂತ ಹೆಚ್ಚು ತುಂಬಬಾರದು. ಮಂದ ಕಾವಿನಲ್ಲಿ ಎಂಟು ಗಂಟೆ; ಕೋಳಿ ತೊಡೆಯಾದರೆ ಐದಾರು. ಮುಚ್ಚಳವನ್ನು ನೇರ ಮೇಲೆತ್ತದೆ ಓರೆಯಾಗಿ ಆಚೆ ವಾಲಿಸಿ ತೆಗೆಯಬೇಕು. ಇಲ್ಲವಾದರೆ ಅಡಿಯ ನೀರೆಲ್ಲ ಮಾಂಸದ ಮೇಲೆ ಸುರಿಯುತ್ತದೆ. ಮಾಂಸವನ್ನು ತಟ್ಟೆಗೆ ತೆಗೆದು, ಎರಡು ಫೋರ್ಕುಗಳನ್ನು ಬೆನ್ನಿಗೆ ಬೆನ್ನು ಚುಚ್ಚಿ ಎದುರು ದಿಕ್ಕಿಗೆ ಎಳೆದರೆ ಎಳೆಗಳು ಬಿಡುತ್ತವೆ. ಉಳಿದ ರಸದ ಮೇಲಿನ ಜಿಡ್ಡು ಸೌಟಿನಲ್ಲಿ ತೆಗೆದು, ಮಿಕ್ಕದ್ದನ್ನು ಒಲೆಯ ಮೇಲೆ ಅರ್ಧಕ್ಕಿಳಿಸಿ ಎಳೆಗಳಿಗೆ ಕಲಸುವುದು ಬಹಳ ಪಾಕಗಳು ಬಿಟ್ಟುಬಿಡುವ, ಬಿಡಬಾರದ ಹೆಜ್ಜೆ. ಬನ್ನಿನ ಒಳಮೈಗೆ ಬೆಣ್ಣೆ ಸವರಿ ಕಾವಲಿಯ ಮೇಲೆ ಕೆಂಪಾಗಿಸಿದರೆ ರಸ ಕೂಡಲೇ ಹೀರಿ ಮೆತ್ತಗಾಗುವುದಿಲ್ಲ. ಕೋಸಿನ ಪಚಡಿಯನ್ನು ಮೇಲೆ ಇಡುವುದು ವಾಡಿಕೆ.

ಎಚ್ಚರಿಕೆ

4ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ರೋಗಾಣುಗಳು ಬೇಗ ಬೆಳೆಯುವುದರಿಂದ ಮಂಜುಗಟ್ಟಿದ ಮಾಂಸವನ್ನು ಹಾಗೇ ಪಾತ್ರೆಗೆ ಹಾಕಬಾರದು. ಮನೆಯಲ್ಲಿಲ್ಲದಾಗ ವಿದ್ಯುತ್ ಹೋಗಿದ್ದರೆ ಬೆಂದಂತೆ ಕಂಡರೂ ಅಡುಗೆಯನ್ನು ಎಸೆಯುವುದೇ ಕ್ಷೇಮ. ಒಣ ರಾಜ್ಮಾದಲ್ಲಿರುವ ಲೆಕ್ಟಿನ್ ಎಂಬ ವಿಷಾಂಶ ಮಂದ ಕಾವಿಗೆ ಅಳಿಯದು. ನೆನೆಸಿ, ಆ ನೀರು ಚೆಲ್ಲಿ, ಒಲೆಯ ಮೇಲೆ ಕನಿಷ್ಠ ಹತ್ತು ನಿಮಿಷ ಕುದಿಸಿದ ಮೇಲಷ್ಟೇ ಪಾತ್ರೆಗೆ ಹಾಕಬೇಕು.

ಭಾರತದಲ್ಲಿ

ಕಲ್ಕತ್ತದ ಇಂದುಮಾಧವ ಮಲ್ಲಿಕ್ 1910ರಲ್ಲಿ ರೂಪಿಸಿದ ಇಕ್ಮಿಕ್ ಕುಕರ್, ಇದ್ದಿಲ ಕಾವಿನಲ್ಲಿ ಅಡುಕಲು ಪಾತ್ರೆಗಳನ್ನು ಮೆಲ್ಲಗೆ ಬೇಯಿಸುತ್ತಿದ್ದ ಸಾಧನ. ಉದ್ದೇಶದಲ್ಲಿ ಸ್ಲೋ ಕುಕರ್‌ನ ಬಂಧು. ಪ್ರೆಶರ್ ಕುಕರ್ ಬಂದ ಮೇಲೆ ಹೊತ್ತು ಹಿಡಿಯುವ ಪಾತ್ರೆಗೆ ಇಲ್ಲಿ ಜಾಗ ಉಳಿಯಲಿಲ್ಲ. ಅಮೆರಿಕದಲ್ಲಿ ನೆಲೆಸಿದ ಭಾರತೀಯರಲ್ಲಿ ಬಳಕೆಯಿದೆ. ಅನೂಪಿ ಸಿಂಗ್ಲಾ ಅವರ 'ದಿ ಇಂಡಿಯನ್ ಸ್ಲೋ ಕುಕರ್' 2010ರಲ್ಲಿ ಪ್ರಕಟವಾಯಿತು. ಸಸ್ಯಾಹಾರಿಗಳು ಪುಲ್ಡ್ ಪೋರ್ಕ್ ಬದಲಿಗೆ ಡಬ್ಬಿಯಲ್ಲಿ ಸಿಗುವ ಎಳೆ ಹಲಸನ್ನು ಹಾಕುತ್ತಾರೆ. ಕರಾವಳಿಯ ಗುಜ್ಜೆ ಪಲ್ಯ ಬಲ್ಲವರಿಗೆ ಅದರ ನಾರು ಹೊಸದಲ್ಲ. ಉಪ್ಪುನೀರು ತೊಳೆದು ನಾಲ್ಕೈದು ಗಂಟೆ ಬೇಯಿಸಿದರೆ ಎಳೆ ಬಿಡುತ್ತದೆ. ಕೊಲಾಜನ್ ಇಲ್ಲದ್ದರಿಂದ ರಸ ಮಾತ್ರ ತೆಳುವಾಗಿಯೇ ಉಳಿಯುತ್ತದೆ. ಮುಚ್ಚಳ ತೆಗೆದು ಇಂಗಿಸಬೇಕು.

ಅಮೆರಿಕದಿಂದ ಮರಳುವವರು ಪಾತ್ರೆಯನ್ನು ಜೊತೆಗೆ ತರುವುದುಂಟು. ಅದು 120 ವೋಲ್ಟಿನದು. 230 ವೋಲ್ಟಿಗೆ ನೇರ ಸಿಕ್ಕಿಸಿದರೆ ಶಕ್ತಿ ಮೂರೂವರೆ ಪಟ್ಟಿಗೂ ಮೀರುತ್ತದೆ: 250 ವಾಟಿನ ಪಾತ್ರೆ 900 ವಾಟ್ ದಾಟಿ ಎಳೆದು ತಂತಿ ಸುಟ್ಟುಕೊಳ್ಳುತ್ತದೆ. ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಇಲ್ಲದೆ ಬಳಸುವಂತಿಲ್ಲ.