ಒಂದು ಉಪ್ಪು, ಒಂದು ಕಾನೂನು

ನಮ್ಮ ದೊಡ್ಡಪ್ಪನ ಮಗನಿಗೆ ಊರವರು ಎರಡು ಹೆಸರಿಟ್ಟಿದ್ದರು. ಕೆಲವು ತಿಂಗಳು ನಿದ್ದೆಯಿಲ್ಲದೆ ಓಡಾಡಿ, ಸಾಲ ತಂದು ದಾನ ಮಾಡುವಾಗ ‘ಕಲಿಯುಗದ ಕರ್ಣ’. ಮತ್ತೆ ಕೆಲವು ತಿಂಗಳು ಗೋಡೆಗೆ ಮುಖಮಾಡಿ ಮಲಗಿದಾಗ ‘ಸೋಮಾರಿ’. ಕನ್ನಡ ಪಾಠ ಹೇಳುವ ನನಗೆ ಈಗ ಅನ್ನಿಸುವುದುಂಟು: ಉನ್ಮಾದ, ವಿಷಾದ ಎಂಬ ಎರಡು ಪದಗಳೂ ನಮ್ಮ ಬಳಿ ಇದ್ದವು, ಅವುಗಳ ಸಂಧಿ ಮಾತ್ರ ನಮಗೆ ತಿಳಿಯಲಿಲ್ಲ.

ಆ ಸಂಧಿಯನ್ನು 1851ರಲ್ಲಿ ಪ್ಯಾರಿಸಿನ ವೈದ್ಯ ಫಾಲ್ರೆ ಗುರುತಿಸಿ, ಚಕ್ರದಂತೆ ಸುತ್ತುವ ಹುಚ್ಚೆಂದು ಕರೆದ. 1899ರಲ್ಲಿ ಜರ್ಮನಿಯ ಕ್ರೇಪೆಲಿನ್ ಎರಡೂ ಅವಸ್ಥೆಗಳನ್ನು ಒಂದೇ ರೋಗವೆಂದು ಸ್ಥಾಪಿಸಿದ. ಇಂದಿನ ‘ಬೈಪೋಲಾರ್’ ಎಂಬ ಹೆಸರು ಅಮೆರಿಕದ ವೈದ್ಯರ ಅಧಿಕೃತ ಪಟ್ಟಿಯನ್ನು ಸೇರಿದ್ದು 1980ರಲ್ಲಿ.

ಹೆಸರು ಬಂದ ಮಾತ್ರಕ್ಕೆ ಔಷಧ ಬಂದೀತೆ? ಅದು ಬಂದದ್ದು ಆಸ್ಟ್ರೇಲಿಯದ ಜಾನ್ ಕೇಡ್‌ನಿಂದ. ಎರಡನೆಯ ಮಹಾಯುದ್ಧದಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಜಪಾನೀಯರ ಸೆರೆಯಲ್ಲಿದ್ದು ಬಂದ ಈತ, ಲಿಥಿಯಂ ಎಂಬ ಅಗ್ಗದ ಲವಣವನ್ನು ಉನ್ಮಾದದ ಹತ್ತು ರೋಗಿಗಳಿಗೆ ಕೊಟ್ಟು, 1949ರಲ್ಲಿ ಫಲವನ್ನು ಪ್ರಕಟಿಸಿದ. ಅಳತೆ ಮೀರಿದರೆ ಅದೇ ವಿಷ. ಆದ್ದರಿಂದಲೇ ರಕ್ತಪರೀಕ್ಷೆ ಮಾಡಿಸುತ್ತ ಕೊಡಬೇಕಾದ ಮದ್ದು. ಡೆನ್ಮಾರ್ಕಿನ ಮೋಗೆನ್ಸ್ ಶೌ 1954ರಿಂದ ಅದನ್ನು ಒರೆಗೆ ಹಚ್ಚಿದ. ಅವನ ಸೋದರನೊಬ್ಬ ಮರಮರಳಿ ಬರುವ ವಿಷಾದದಿಂದ ನರಳುತ್ತಿದ್ದವನು. ದೀರ್ಘಕಾಲ ಲಿಥಿಯಂ ಸೇವಿಸಿದವರಲ್ಲಿ ಆತ್ಮಹತ್ಯೆ ಕಡಮೆಯೆಂದು ಮುಂದೆ ಹಲವು ಅಧ್ಯಯನಗಳು ತೋರಿಸಿದವು.

ಈ ರೋಗದಲ್ಲಿ ಪ್ರಾಣಾಪಾಯ ಹೆಚ್ಚುವುದು ಎಂದು? ವಿಷಾದದ ದಿನಗಳಲ್ಲಿ, ಅದಕ್ಕೂ ಮಿಗಿಲಾಗಿ, ಮೈಯಲ್ಲಿ ಉನ್ಮಾದದ ಚುರುಕೂ ಮನಸ್ಸಿನಲ್ಲಿ ವಿಷಾದದ ಕತ್ತಲೆಯೂ ಕೂಡಿದಾಗ. ಚಿಕ್ಕ ವಯಸ್ಸಿನಲ್ಲೇ ರೋಗ ಹಿಡಿದಿದ್ದರೆ, ಕುಡಿತ ಜೊತೆಗೂಡಿದರೆ, ಮನೆತನದಲ್ಲಿ ಯಾರಾದರೂ ಹಾಗೆ ಹೋಗಿದ್ದರೆ, ಆಸ್ಪತ್ರೆಯಿಂದ ಮನೆಗೆ ಬಂದ ಹೊಸದರಲ್ಲಿ, ಮದ್ದನ್ನು ಥಟ್ಟನೆ ನಿಲ್ಲಿಸಿದಾಗ. ಎಲ್ಲಕ್ಕಿಂತ ದೊಡ್ಡ ಸೂಚನೆಗಳಲ್ಲೊಂದು, ಹಿಂದೆ ಒಮ್ಮೆ ಯತ್ನಿಸಿರುವುದು.

ಆ ಸೂಚನೆಯನ್ನೇ ನಾವು ಮುಚ್ಚಿಟ್ಟೆವು. 1998ರಲ್ಲಿ ಅಣ್ಣನನ್ನು ಆಸ್ಪತ್ರೆಗೆ ಒಯ್ದಾಗ ಹಿರಿಯರು ‘ಅಪಘಾತ’ ಎಂದು ಬರೆಸಿದರು. 1860ರ ದಂಡಸಂಹಿತೆಯ 309ನೆಯ ಕಲಮಿನ ಪ್ರಕಾರ ಯತ್ನಿಸಿ ಬದುಕಿದವನಿಗೆ ಒಂದು ವರ್ಷದವರೆಗೆ ಸಜೆಯಾಗಬಹುದಿತ್ತು. 1994ರಲ್ಲಿ ಸುಪ್ರೀಂ ಕೋರ್ಟು ಆ ಕಲಮನ್ನು ತೆಗೆದುಹಾಕಿತ್ತಾದರೂ, 1996ರಲ್ಲಿ ಮತ್ತೆ ಎತ್ತಿಹಿಡಿದಿತ್ತು. ಪೊಲೀಸರ ಭಯ, ಜೊತೆಗೆ ತಂಗಿಯ ಮದುವೆಯ ಚಿಂತೆ. ವೈದ್ಯರು ಗಾಯಕ್ಕೆ ಮದ್ದು ಕೊಟ್ಟರು. ಮನಸ್ಸಿನ ಮಾತನ್ನು ಕೇಳಲು ಅವರಿಗೆ ನಾವು ಕಾರಣವನ್ನೇ ಕೊಡಲಿಲ್ಲ. ಎರಡು ವರ್ಷದ ಮೇಲೆ ಅವನನ್ನು ಕಳೆದುಕೊಂಡೆವು.

2017ರ ಮಾನಸಿಕ ಆರೋಗ್ಯ ಕಾಯಿದೆ ಅಂಥವರನ್ನು ತೀವ್ರ ಒತ್ತಡಕ್ಕೆ ಸಿಕ್ಕವರೆಂದೇ ಭಾವಿಸಿ, ಆರೈಕೆ ಕೊಡುವುದು ಸರ್ಕಾರದ ಕರ್ತವ್ಯವೆಂದಿತು. 2024ರ ಜುಲೈ 1ರಂದು ಜಾರಿಗೆ ಬಂದ ನ್ಯಾಯ ಸಂಹಿತೆಯಲ್ಲಿ ಆ ಹಳೆಯ ಕಲಮು ಉಳಿದಿಲ್ಲ. 14416ಕ್ಕೆ ಫೋನು ಮಾಡಿದರೆ, ಹಗಲಿರುಳೆನ್ನದೆ, ಕನ್ನಡದಲ್ಲೇ ಕೇಳುವವರಿದ್ದಾರೆ.

ಕಾನೂನಿನ ಭಯವೇನೋ ಹೋಯಿತು. ನಾಲ್ಕು ಜನರ ಭಯ ಇನ್ನೂ ಹೋಗಿಲ್ಲ. ಇಂದು ಯಾವುದಾದರೂ ಮನೆಯ ಹಿರಿಯರು ಆಸ್ಪತ್ರೆಯ ಚೀಟಿಯಲ್ಲಿ ‘ಅಪಘಾತ’ ಎಂದು ಬರೆಸಹೊರಟಿದ್ದರೆ, ದಯವಿಟ್ಟು ಒಂದು ಗಳಿಗೆ ತಡೆದು, ವೈದ್ಯರಿಗೆ ನಿಜ ಹೇಳಲಿ. ನಾವು ಹೇಳಲಿಲ್ಲ.